ಬಿಸಿಲುಗಾಲಕ್ಕೆಂದು ಹೊಸ ಪೆಟ್ರೋಲ್ ಕಾರಿಗೆ 20ಡಬ್ಲ್ಯೂ-50 ಹಾಕಿಸಬೇಡಿ

ಮಾರ್ಚ್ ಬಂತೆಂದರೆ ಕಲಬುರಗಿ, ರಾಯಚೂರು ಕಡೆಯ ಗ್ಯಾರೇಜುಗಳಲ್ಲಿ ಈ ಮಾತು ಶುರುವಾಗುತ್ತದೆ: ‘ಕಂಪನಿ ಆಯಿಲ್ ನೀರಿನಂಗ ಅದ್ರಿ ಸರ, ನಮ್ಮ ಬಿಸಲಿಗಿ ತಡಿಯಂಗಿಲ್ಲ, ದಪ್ಪಂದು ಹಾಕ್ತೀನಿ.’ ಕೇಳಿದವರಿಗೆ ಸರಿ ಅನಿಸುತ್ತದೆ. 43 ಡಿಗ್ರಿ ಬಿಸಿಲಲ್ಲಿ ಓಡುವ ಕಾರಿಗೆ ತೆಳು ಆಯಿಲ್ ಸಾಲದು ಎಂದು ಯಾರಿಗಾದರೂ ತೋರುವುದು ಸಹಜ. ಹಾಗೆ ದಪ್ಪ ಆಯಿಲ್ ಹಾಕಿಸಿಕೊಂಡ ಒಂದು ಕಾರಿಗೆ ಏನಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇವೆ.

ಕಾರು 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿದ್ದು 40 ಸಾವಿರ ಕಿಲೋಮೀಟರ್ ಆಸುಪಾಸು. ಮ್ಯಾನ್ಯುಯಲ್‌ನಲ್ಲೂ ಆಯಿಲ್ ಹಾಕುವ ಮುಚ್ಚಳದ ಮೇಲೂ 0ಡಬ್ಲ್ಯೂ-20 ಎಂಬ ತೆಳು ಗ್ರೇಡೇ ಇದೆ. ವಾರಂಟಿ ಮುಗಿದ ಮೇಲೆ ಮಾಲೀಕರು ಮನೆ ಹತ್ತಿರದ ಗ್ಯಾರೇಜಿಗೆ ಬಿಟ್ಟರು. ಅಲ್ಲಿ ದಪ್ಪನೆಯ 20ಡಬ್ಲ್ಯೂ-50 ಸುರಿದರು. ಮೊದಲ ಎರಡು ದಿನ ಎಂಜಿನ್ ಮೊದಲಿಗಿಂತ ಮೆತ್ತಗೆ ಓಡುತ್ತಿದೆ ಎನಿಸಿತು. ಇದೇ ಜನರನ್ನು ಮೋಸಗೊಳಿಸುವುದು: ದಪ್ಪ ಆಯಿಲ್ ಸದ್ದನ್ನು ಒಂದಿಷ್ಟು ಅಡಗಿಸುತ್ತದೆ. ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಮುಂಭಾಗದಿಂದ ಕಟಕಟ ಸದ್ದು ಬರತೊಡಗಿತು. ಮೈಲೇಜ್ ಲೀಟರಿಗೆ ಒಂದು ಕಿಲೋಮೀಟರಿನಷ್ಟು ಇಳಿಯಿತು. ಪಿಕಪ್ ಮಂಕಾಯಿತು. ಕೊನೆಗೆ ಚೆಕ್ ಎಂಜಿನ್ ಲೈಟ್ ಹತ್ತಿತು, ಸ್ಕ್ಯಾನರ್‌ನಲ್ಲಿ ಪಿ0011 ಕೋಡ್ ಬಂತು. ಗ್ಯಾರೇಜಿನವರು ಆಯಿಲ್ ಕಂಟ್ರೋಲ್ ವಾಲ್ವ್ ಬದಲಿಸಿ ಕೋಡ್ ಅಳಿಸಿದರು, ವಾರದಲ್ಲಿ ಅದು ಮರಳಿತು. ಕ್ಯಾಮ್ ಸೆನ್ಸರ್ ಬದಲಿಸಿದರು, ಮತ್ತೆ ಮರಳಿತು. ಎಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ಚೇಂಬರಿನಲ್ಲಿದ್ದ ಆಯಿಲನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ಸರಿಯಾದ ಗ್ರೇಡ್ ಹಾಕಿದ ಮೇಲೆ ಕೋಡ್ ಹೋಯಿತು, ಸ್ಟಾರ್ಟಿಂಗ್ ಸದ್ದು ಹೋಗಲಿಲ್ಲ. ಅಷ್ಟರಲ್ಲಿ ಇನ್‌ಟೇಕ್ ಕ್ಯಾಮಿನ ವಿವಿಟಿ ಗೇರಿನೊಳಗಿನ (ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ಗೇರ್ ಅದು) ಲಾಕ್ ಪಿನ್ನಿನ ತೂತು ಸವೆದಿತ್ತು. ಟೈಮಿಂಗ್ ಕವರ್ ಬಿಚ್ಚಿ ಗೇರ್ ಬದಲಿಸಬೇಕಾಯಿತು. ಆಯಿಲ್ ಖರ್ಚಿನಲ್ಲಿ ಉಳಿದದ್ದು ಕೆಲವು ನೂರು ರೂಪಾಯಿ.

ಇದು ಯಾಕಾಯಿತು ಎಂದು ತಿಳಿಯಲು ವಿವಿಟಿ ಗೇರ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು. ಹೊರಗೆ ಚೈನ್ ತಿರುಗಿಸುವ ಹೌಸಿಂಗ್, ಒಳಗೆ ಕ್ಯಾಮ್‌ಶಾಫ್ಟಿಗೆ ಬಿಗಿದ ರೋಟರ್. ಇವೆರಡರ ನಡುವೆ ಸಣ್ಣ ಸಣ್ಣ ಕೋಣೆಗಳು. ಒಂದು ಬದಿಯ ಕೋಣೆಗೆ ಆಯಿಲ್ ತುಂಬಿ ಇನ್ನೊಂದು ಬದಿಯದನ್ನು ಖಾಲಿ ಮಾಡಿದರೆ ಕ್ಯಾಮ್ ಕೆಲವು ಡಿಗ್ರಿ ಮುಂದಕ್ಕೆ ಸರಿಯುತ್ತದೆ, ತಿರುಗಿಸಿ ಮಾಡಿದರೆ ಹಿಂದಕ್ಕೆ. ಆ ಆಯಿಲನ್ನು ಬಿಡುವುದು, ತಡೆಯುವುದು ಆಯಿಲ್ ಕಂಟ್ರೋಲ್ ವಾಲ್ವ್. ಅದರ ದಾರಿಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ರಂಧ್ರಗಳ ಒಂದು ಜಾಲರಿ ಇರುತ್ತದೆ. ಇಷ್ಟು ಹೊತ್ತಿನಲ್ಲಿ ಇಷ್ಟು ಡಿಗ್ರಿ ಸರಿಯಬೇಕು ಎಂಬ ಲೆಕ್ಕವನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು 0ಡಬ್ಲ್ಯೂ-20 ಹರಿಯುವ ವೇಗಕ್ಕೆ ತಕ್ಕಂತೆ ಇಟ್ಟುಕೊಂಡಿರುತ್ತದೆ. ದಪ್ಪ ಆಯಿಲ್ ಕೋಣೆಯಿಂದ ನಿಧಾನವಾಗಿ ಹೊರಬಂದರೆ ಕ್ಯಾಮ್ ಹಿಂದಕ್ಕೆ ಬರಬೇಕಾದ ಹೊತ್ತಿಗೆ ಇನ್ನೂ ಮುಂದೆಯೇ ಇರುತ್ತದೆ. ಪಿ0011 ಹೇಳುವುದು ಇದನ್ನೇ. ಹಿಂದೆಯೇ ಉಳಿದರೆ ಪಿ0012. ಎಂಜಿನ್ ಆಫ್ ಮಾಡುವಾಗ ರೋಟರ್ ಮೂಲ ಜಾಗಕ್ಕೆ ಬಂದು ಲಾಕ್ ಪಿನ್ ತೂತಿಗೆ ಕೂರಬೇಕು. ಬಾರದಿದ್ದರೆ ಮರುದಿನ ಬೆಳಿಗ್ಗೆ ಆಯಿಲ್ ಪ್ರೆಶರ್ ಏರುವ ತನಕ ರೋಟರ್ ಹೌಸಿಂಗಿಗೆ ಬಡಿಯುತ್ತಲೇ ಇರುತ್ತದೆ. ಆ ಕಟಕಟ ಸದ್ದು ಅದೇ, ಪಿನ್ನಿನ ತೂತು ಸವೆಯುವುದೂ ಆಗಲೇ.

ಈಗ ಬಿಸಿಲಿನ ವಾದಕ್ಕೆ ಬರೋಣ. ಹೊರಗೆ 43 ಡಿಗ್ರಿ ಇರಲಿ, ಮಡಿಕೇರಿಯ ಜನವರಿ ಬೆಳಗಿನ 12 ಡಿಗ್ರಿ ಇರಲಿ, ಥರ್ಮೋಸ್ಟಾಟ್ ಕೂಲೆಂಟನ್ನು ಸುಮಾರು 85ರಿಂದ 95 ಡಿಗ್ರಿಯಲ್ಲೇ ಹಿಡಿದಿಡುತ್ತದೆ. ಚೇಂಬರಿನ ಆಯಿಲ್ ಸಾಮಾನ್ಯ ಓಡಾಟದಲ್ಲಿ 90ರಿಂದ 110ರ ಒಳಗಿರುತ್ತದೆ. ಊರಿನ ಹವೆ ಮುಖ್ಯವಾಗಿ ಬದಲಿಸುವುದು ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು ಎಂಬುದನ್ನು. ಡಬ್ಬದ ಮೇಲಿನ ಎರಡನೇ ಸಂಖ್ಯೆ ನಿಗದಿಯಾಗುವುದೇ 100 ಡಿಗ್ರಿಯಲ್ಲಿ ಅಳೆದು. ಎಸ್‌ಎಇ ಜೆ300 ಮಾನದಂಡದಲ್ಲಿ 20 ಎಂದರೆ 6.9ರಿಂದ 9.3 ಸೆಂಟಿಸ್ಟೋಕ್ (ಆಯಿಲಿನ ದಪ್ಪ ಅಳೆಯುವ ಮಾನ), 30 ಎಂದರೆ 9.3ರಿಂದ 12.5, 40 ಎಂದರೆ 12.5ರಿಂದ 16.3, 50 ಎಂದರೆ 16.3ರಿಂದ 21.9. ಅಂದರೆ ಎಂಜಿನ್ ಪೂರ್ತಿ ಬಿಸಿಯಾದ ಮೇಲೂ 50ರ ಆಯಿಲ್ 20ರದಕ್ಕಿಂತ ಎರಡು ಪಟ್ಟು ದಪ್ಪ. 40 ಡಿಗ್ರಿಯಲ್ಲಿ ಅಳೆದರೆ ಸಾಮಾನ್ಯ 0ಡಬ್ಲ್ಯೂ-20 ಸುಮಾರು 45 ಸೆಂಟಿಸ್ಟೋಕ್, 20ಡಬ್ಲ್ಯೂ-50 ಸುಮಾರು 160. ಬೆಳಿಗ್ಗೆ 20 ಡಿಗ್ರಿಯಲ್ಲಿ ಸ್ಟಾರ್ಟ್ ಮಾಡುವಾಗ ಈ ಅಂತರ ಇನ್ನೂ ದೊಡ್ಡದು. ಎಂಜಿನ್ ಹೆಚ್ಚು ಸವೆಯುವುದು ಸ್ಟಾರ್ಟ್ ಆದ ಹೊತ್ತಿನಲ್ಲೇ. ಮೇಲೆ ಕ್ಯಾಮ್‌ಶಾಫ್ಟಿಗೆ ಆಯಿಲ್ ತಲುಪುವ ಮೊದಲ ಕೆಲವು ಸೆಕೆಂಡುಗಳು ಅಲ್ಲಿ ಲೆಕ್ಕಕ್ಕೆ ಬರುತ್ತವೆ.

ಡಬ್ಲ್ಯೂ ಪಕ್ಕದ ಮೊದಲ ಸಂಖ್ಯೆ ಚಳಿಯ ಪರೀಕ್ಷೆಯದು. 0ಡಬ್ಲ್ಯೂ ಆಯಿಲನ್ನು ಸ್ಟಾರ್ಟಿಂಗ್‌ಗಾಗಿ ಮೈನಸ್ 35 ಡಿಗ್ರಿಯಲ್ಲಿ, 20ಡಬ್ಲ್ಯೂ ಆಯಿಲನ್ನು ಮೈನಸ್ 15ರಲ್ಲಿ ಪರೀಕ್ಷಿಸುತ್ತಾರೆ. ಕರ್ನಾಟಕದಲ್ಲಿ ಎಲ್ಲಿಯೂ ಅಂಥ ಚಳಿ ಇಲ್ಲ, ಹಾಗಾಗಿ 0ಡಬ್ಲ್ಯೂ ನಮಗೆ ವ್ಯರ್ಥ ಎನ್ನುವವರಿದ್ದಾರೆ. ವ್ಯರ್ಥವಾಗುವುದಿಲ್ಲ. ಮೊದಲ ಸಂಖ್ಯೆ ಚಿಕ್ಕದಿರುವ ಆಯಿಲ್ 20-25 ಡಿಗ್ರಿಯಲ್ಲೂ ಸಾಮಾನ್ಯವಾಗಿ ಬೇಗ ಹರಿಯುತ್ತದೆ.

ದಪ್ಪ ಆಯಿಲಿನಲ್ಲಿ ಪ್ರೆಶರ್ ಗೇಜ್ ಮುಳ್ಳು ಮೇಲೆ ನಿಲ್ಲುವುದನ್ನು ತೋರಿಸಿ ‘ನೋಡಿ, ಪ್ರೆಶರ್ ಚೆನ್ನಾಗಿದೆ’ ಎನ್ನುತ್ತಾರೆ. ಪ್ರೆಶರ್ ಏರಿದ್ದು ಆಯಿಲ್ ಮುಂದೆ ಹರಿಯಲು ಕಷ್ಟಪಡುತ್ತಿರುವುದಕ್ಕೆ. ಒಂದು ಮಟ್ಟ ದಾಟಿದರೆ ಪಂಪಿನ ರಿಲೀಫ್ ವಾಲ್ವ್ ತೆರೆದುಕೊಂಡು ಆಯಿಲನ್ನು ಹಾಗೇ ಹಿಂದಕ್ಕೆ ಬಿಡುತ್ತದೆ. ಫಿಲ್ಟರಿನ ಬೈಪಾಸ್ ವಾಲ್ವ್ ಕೂಡ ತೆರೆದು, ಶೋಧಿಸದ ಆಯಿಲ್ ನೇರ ಬೇರಿಂಗಿಗೆ ಹೋಗಬಹುದು. ಈ ಎಂಜಿನ್ನುಗಳ ಬೇರಿಂಗ್ ಸಂದು 0.02ರಿಂದ 0.05 ಮಿಲಿಮೀಟರ್ ಮಟ್ಟದ್ದು. ಅಲ್ಲಿ ಆಯಿಲ್ ಜಾರಿಸುವ ಕೆಲಸದ ಜೊತೆಗೆ ಶಾಖವನ್ನೂ ಹೊತ್ತೊಯ್ಯಬೇಕು. ಹರಿವು ಕಡಿಮೆಯಾದರೆ ಶಾಖ ಅಲ್ಲೇ ಉಳಿಯುತ್ತದೆ. ಬಿಸಿಲಿನಿಂದ ಕಾಪಾಡಲೆಂದು ಹಾಕಿದ ಆಯಿಲ್ ಬೇರಿಂಗನ್ನು ಇನ್ನಷ್ಟು ಬಿಸಿ ಮಾಡುತ್ತದೆ.

ತೆಳು ಆಯಿಲ್ ಬಿಸಿಯಲ್ಲಿ ಹರಿದುಹೋಗುವುದಿಲ್ಲವೇ ಎಂಬುದಕ್ಕೂ ಅಳತೆ ಇದೆ. 150 ಡಿಗ್ರಿಯಲ್ಲಿ, ಜೋರಾದ ಉಜ್ಜಾಟದಲ್ಲಿ ಪದರ ಎಷ್ಟು ಗಟ್ಟಿ ಉಳಿಯುತ್ತದೆ ಎಂದು ನೋಡುವ ಎಚ್‌ಟಿಎಚ್‌ಎಸ್ ಪರೀಕ್ಷೆ ಅದು. 20ರ ಗ್ರೇಡಿಗೆ ಕನಿಷ್ಠ 2.6 ಮಿಲಿಪಾಸ್ಕಲ್-ಸೆಕೆಂಡ್, 30ಕ್ಕೆ 2.9, 15ಡಬ್ಲ್ಯೂ-40ಕ್ಕೆ 3.7 ಬೇಕು. 0ಡಬ್ಲ್ಯೂ-20 ಹೇಳಿರುವ ಎಂಜಿನ್ನಿನ ಬೇರಿಂಗ್ ಅಗಲ, ಸಂದು, ಪಂಪ್ ಎಲ್ಲವನ್ನೂ 2.6ಕ್ಕೆ ಹೊಂದಿಸಿಯೇ ಮಾಡಿರುತ್ತಾರೆ. ಮಾರುತಿಯ ಹೊಸ ಡ್ಯುಯಲ್‌ಜೆಟ್ ಪೆಟ್ರೋಲ್ ಎಂಜಿನ್ನುಗಳಿಗಂತೂ 0ಡಬ್ಲ್ಯೂ-16 ಬಂದಿದೆ, ಅದು ಇನ್ನೂ ತೆಳು.

ಇದನ್ನು ಓದಿ ಹಳೆಯ ಗಾಡಿಗೆ 0ಡಬ್ಲ್ಯೂ-20 ಹಾಕಿಸಲು ಹೋಗಬೇಡಿ, ಅದೂ ಇಷ್ಟೇ ಕೆಟ್ಟದ್ದು. ಸುಮೋ, ಕ್ವಾಲಿಸ್ ಕಾಲದ ಡೀಸೆಲ್‌ಗಳು 15ಡಬ್ಲ್ಯೂ-40ರಂಥ ಆಯಿಲ್ ನೆಚ್ಚಿಕೊಂಡು ಹುಟ್ಟಿದವು. ತೆಳು ಆಯಿಲ್ ಹಾಕಿದರೆ ಘಾಟಿ ಹತ್ತಿ ಬಂದು ಐಡಲಿಂಗ್‌ನಲ್ಲಿ ನಿಂತಾಗ ಆಯಿಲ್ ಲೈಟ್ ಮಿಣುಕುತ್ತದೆ. ಅದು ಬೇರಿಂಗಿನ ಸಂದಿನಲ್ಲಿ ಪದರ ನಿಲ್ಲುತ್ತಿಲ್ಲ ಎಂಬ ಸೂಚನೆ, ತಕ್ಷಣ ಎಂಜಿನ್ ಆಫ್ ಮಾಡಿ.

ಬಿಎಸ್6 ಡೀಸೆಲ್ ಮಾಲೀಕರು ಇನ್ನೊಂದು ಗುಂಡಿಗೆ ಬೀಳುತ್ತಾರೆ. 2020ರ ಏಪ್ರಿಲ್ 1ರಿಂದ ಬಂದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಮಸಿ ಸುಟ್ಟುಹೋಗುತ್ತದೆ, ಆಯಿಲಿನ ಲೋಹದ ಅಂಶದಿಂದಾಗುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕೇ ಮ್ಯಾನ್ಯುಯಲ್‌ನಲ್ಲಿ 5ಡಬ್ಲ್ಯೂ-30 ಜೊತೆ ಎಸಿಇಎ (ಯುರೋಪಿನ ಆಯಿಲ್ ದರ್ಜೆ) ಸಿ2 ಅಥವಾ ಸಿ3 ಎಂದು ಬರೆದಿರುತ್ತಾರೆ. ಸಿ3ಯಲ್ಲಿ ಬೂದಿ ಅಂಶ 0.8 ಪ್ರತಿಶತ ಮೀರುವಂತಿಲ್ಲ. ಲಾರಿಗೆಂದು ಮಾಡಿದ ಸಿಐ-4 ದರ್ಜೆಯ ಆಯಿಲಿಗೆ ಅಂಥ ಮಿತಿಯೇ ಇಲ್ಲ. ಎರಡು ಡಬ್ಬಗಳ ಮೇಲೆ ಒಂದೇ 5ಡಬ್ಲ್ಯೂ-30 ಇದ್ದರೂ ಒಳಗಿರುವುದು ಬೇರೆ ಬೇರೆ ಆಯಿಲ್ ಆಗಿರಬಹುದು. ಬರೀ ಸಿಟಿ ಒಳಗೆ ಓಡಿಸುವವರು ಡಿಪ್‌ಸ್ಟಿಕ್ಕನ್ನೂ ಗಮನಿಸಬೇಕು. ಡಿಪಿಎಫ್ ಶುಚಿಯಾಗುವ ಕೆಲಸ ಅರ್ಧಕ್ಕೇ ನಿಲ್ಲುತ್ತಾ ಹೋದರೆ ಡೀಸೆಲ್ ಚೇಂಬರಿಗೆ ಇಳಿದು ಆಯಿಲ್ ಮಟ್ಟ ಏರುತ್ತದೆ, ಆಯಿಲ್ ತೆಳುವಾಗುತ್ತದೆ. ಮಟ್ಟ ಮ್ಯಾಕ್ಸ್ ಗೆರೆ ದಾಟಿದ್ದರೆ ಸರ್ವೀಸ್ ದಿನಾಂಕಕ್ಕೆ ಕಾಯದೆ ಬದಲಿಸಿ. ಟರ್ಬೊ ಪೆಟ್ರೋಲ್ ಇದ್ದವರು ಗ್ರೇಡಿನ ಜೊತೆ ಎಪಿಐ (ಅಮೆರಿಕದ ಆಯಿಲ್ ದರ್ಜೆ) ಎಸ್‌ಪಿ ಎಂದಿದೆಯೇ ನೋಡಿ. ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಧನ ಹೊತ್ತಿಗೆ ಮುಂಚೆ ಉರಿದು ಪಿಸ್ಟನ್ ಒಡೆಯುವ ತೊಂದರೆಗೆ ತಡೆ ಅದರಲ್ಲಿದೆ.

ಡಬ್ಬದ ಮೇಲೆ 4ಟಿ ಅಥವಾ ಜಾಸೊ ಎಂಎ ಎಂದಿದ್ದರೆ ಅದು ಬೈಕಿನ ಆಯಿಲ್. ಗ್ರೇಡ್ ಹೊಂದಿದರೂ ಕಾರಿಗೆ ಬೇಡ. ಅದು ಬೈಕಿನ ಕ್ಲಚ್ ಜಾರದಂತೆ ಮಾಡಿದ್ದು. 0ಡಬ್ಲ್ಯೂ-20, 5ಡಬ್ಲ್ಯೂ-30 ಗ್ರೇಡಿನ ಕಾರ್ ಆಯಿಲುಗಳಿಗೆ ಇರುವ 0.08 ಪ್ರತಿಶತ ಫಾಸ್ಫರಸ್ ಮಿತಿಯನ್ನು ಅದು ಪಾಲಿಸಲೇಬೇಕೆಂದಿಲ್ಲ. ಫಾಸ್ಫರಸ್ ಹೆಚ್ಚಾದರೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಡ್ರಮ್ಮಿನಿಂದ ಜಗ್‌ಗೆ ಬಿಟ್ಟು ತರುವ ಲೂಸ್ ಆಯಿಲಿಗೆ ಒಪ್ಪಲೇಬೇಡಿ. ಅದು ಯಾವ ಗ್ರೇಡ್ ಎಂದು ತಿಳಿಯಲು ನಿಮ್ಮ ಬಳಿ ದಾರಿಯೇ ಇರುವುದಿಲ್ಲ.

ಈಗಾಗಲೇ ತಪ್ಪು ಗ್ರೇಡ್ ಹಾಕಿಸಿದ್ದರೆ ಗಾಬರಿ ಬೇಡ, ತಡವೂ ಬೇಡ. ಹತ್ತು ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಡ್ರೈನ್ ಬೋಲ್ಟ್ ಬಿಚ್ಚಿಸಿ. ದಪ್ಪ ಆಯಿಲ್ ತೊಟ್ಟಿಕ್ಕುವುದು ನಿಲ್ಲಲು 20 ನಿಮಿಷವಾದರೂ ಬೇಕು. ಫಿಲ್ಟರ್ ಬದಲಿಸಲೇಬೇಕು, ಅದರೊಳಗೂ ಹಳೆಯ ಆಯಿಲ್ ನಿಂತಿರುತ್ತದೆ. ಬಿಚ್ಚುವಾಗ ಹಳೆಯ ಫಿಲ್ಟರಿನ ರಬ್ಬರ್ ಎಂಜಿನ್ನಿಗೆ ಅಂಟಿ ಉಳಿದಿಲ್ಲವೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಎರಡು ರಬ್ಬರ್ ಒಂದರ ಮೇಲೊಂದು ಕೂತರೆ ಹೈವೇಯಲ್ಲಿ ಇಡೀ ಆಯಿಲ್ ಹೊರಗೆ ಬಿದ್ದು ಎಂಜಿನ್ ಜಾಮ್ ಆಗುತ್ತದೆ. ಹೊಸ ರಬ್ಬರಿಗೆ ಬೆರಳಲ್ಲಿ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿ ಮಾಡಿದರೆ ಸಾಮಾನ್ಯವಾಗಿ ಸಾಕು. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿಸಿ.

ಎಷ್ಟು ಆಯಿಲ್ ಎಂಬುದನ್ನು ಮ್ಯಾನ್ಯುಯಲ್ ನೋಡಿಯೇ ನಿರ್ಧರಿಸಿ. 3.1 ಲೀಟರ್ ಎಂದಿದ್ದರೆ ಮೊದಲು 2.8 ಸುರಿದು, ಒಂದು ನಿಮಿಷ ಎಂಜಿನ್ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಡ್ರೈನ್ ಮಾಡಿದರೂ ಒಳದಾರಿಗಳಲ್ಲಿ ಒಂದಿಷ್ಟು ಹಳೆಯದು ಉಳಿದೇ ಇರುತ್ತದೆ. ತಪ್ಪು ಆಯಿಲಿನಲ್ಲಿ ಕೆಲವು ಸಾವಿರ ಕಿಲೋಮೀಟರ್ ಓಡಿದ್ದರೆ, ಸರಿಯಾದ ಗ್ರೇಡ್ ಹಾಕಿ 1,000 ಕಿಲೋಮೀಟರಿಗೆ ಇನ್ನೊಮ್ಮೆ ಬದಲಿಸುವುದು ಒಳ್ಳೆಯದು. ಫ್ಲಶಿಂಗ್ ಆಯಿಲ್ ಬೇಡ. ಅದು ಎಬ್ಬಿಸಿದ ಕೊಳೆ ಹೋಗಿ ಕೂರುವುದು ಆ ಸಣ್ಣ ಜಾಲರಿಯಲ್ಲೇ. ಕೋಡ್ ಅಳಿಸಿದ ಮೇಲೆ ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಕ್ಯಾಮಿನ ಗುರಿ ಕೋನ, ನಿಜ ಕೋನ ಎರಡನ್ನೂ ಪಕ್ಕಪಕ್ಕ ಇಟ್ಟು ರಸ್ತೆಯಲ್ಲಿ ಓಡಿಸಿ ನೋಡಿಸಿ. ಒಂದರ ಹಿಂದೆ ಇನ್ನೊಂದು ತಡವಿಲ್ಲದೆ ಬರಬೇಕು. ನಿಜ ಕೋನ ಹಿಂದೆ ಬೀಳುತ್ತಿದ್ದರೆ ಮೊದಲು ಜಾಲರಿ ತೊಳೆಸಿ, ಆಮೇಲಷ್ಟೇ ವಾಲ್ವ್ ಬದಲಿಸುವ ಮಾತು.

ಗ್ರೇಡ್ ಬದಲಿಸಲು ಎಡೆಯೇ ಇಲ್ಲವೆಂದಲ್ಲ. ಎಷ್ಟೋ ಮ್ಯಾನ್ಯುಯಲ್‌ಗಳಲ್ಲಿ ಹೊರಗಿನ ಉಷ್ಣಾಂಶಕ್ಕೆ ತಕ್ಕಂತೆ ಪಟ್ಟಿ ಇರುತ್ತದೆ, 0ಡಬ್ಲ್ಯೂ-20 ಮೊದಲ ಆಯ್ಕೆ, 5ಡಬ್ಲ್ಯೂ-30 ನಡೆಯುತ್ತದೆ ಎಂಬ ಹಾಗೆ. ಆ ಪಟ್ಟಿಯೊಳಗೆ ಒಂದು ಹೆಜ್ಜೆ ಮೇಲಕ್ಕೆ ಹೋಗುವುದು ಸರಿ. ಲಕ್ಷ ಕಿಲೋಮೀಟರ್ ದಾಟಿ ಆಯಿಲ್ ಕುಡಿಯುವ ಕಾರಿಗೂ ಪಟ್ಟಿಯ ಮೇಲಿನ ಗ್ರೇಡ್ ನೋಡಬಹುದು. ಆದರೆ ಮೊದಲು ಪಿಸಿವಿ ವಾಲ್ವ್ (ಎಂಜಿನ್ನಿನೊಳಗಿನ ಗ್ಯಾಸನ್ನು ಇನ್‌ಟೇಕಿಗೆ ಮರಳಿಸುವುದು), ವಾಲ್ವ್ ಸೀಲ್ ಪರೀಕ್ಷಿಸಿ. ಸೀಲ್ ಹೋಗಿರುವ ಎಂಜಿನ್ನನ್ನು ಯಾವ ಗ್ರೇಡೂ ರಿಪೇರಿ ಮಾಡುವುದಿಲ್ಲ.

ಗ್ಯಾರೇಜಿಗೆ ಬಿಡುವಾಗ ಆಯಿಲನ್ನು ನೀವೇ ಸೀಲ್ ಡಬ್ಬದಲ್ಲಿ ತಂದುಕೊಡಿ, ಇಲ್ಲವೇ ನಿಮ್ಮ ಎದುರೇ ಸೀಲ್ ಒಡೆಯಲು ಹೇಳಿ. ಮುಚ್ಚಳದ ಉಂಗುರ, ಬ್ಯಾಚ್ ನಂಬರ್, ತಯಾರಾದ ತಿಂಗಳು ನೋಡಿಕೊಳ್ಳಿ. ಬಿಲ್ಲಿನಲ್ಲಿ ಬರೀ ‘ಎಂಜಿನ್ ಆಯಿಲ್’ ಎಂದು ಬರೆದರೆ ಒಪ್ಪಬೇಡಿ: ಗ್ರೇಡ್, ಎಪಿಐ ಅಥವಾ ಎಸಿಇಎ ದರ್ಜೆ, ಲೀಟರ್, ಅಂದಿನ ಕಿಲೋಮೀಟರ್ ನಾಲ್ಕನ್ನೂ ಬರೆಸಿ. ಮುಂದೆ ಲೈಟ್ ಹತ್ತಿದರೆ ಮೆಕ್ಯಾನಿಕ್ ಮೊದಲು ಕೇಳಬೇಕಾದದ್ದು ಇವನ್ನೇ.