ಟ್ರೆಡ್‌ಮಿಲ್, ಸೊಸೈಟಿಯ ಜಿಮ್, ಮುಂಬಯಿಯ ಮಾಟುಂಗಾದ ಮೇಲ್ಸೇತುವೆ: 62ರ ವಯಸ್ಸಿನಲ್ಲಿ ನಾನು ಆರಿಸಿಕೊಂಡದ್ದು

ಮೊದಲೇ ಹೇಳಿಬಿಡುತ್ತೇನೆ, ತೂಕ ಇಳಿಸಲು ಈ ಮೂರರಲ್ಲಿ ನನ್ನ ಮತ ಮೇಲ್ಸೇತುವೆಯ ಕೆಳಗಿನ ಉದ್ಯಾನಕ್ಕೆ. 38,000 ರೂಪಾಯಿ ಕೊಟ್ಟು ಕೊಂಡ ಟ್ರೆಡ್‌ಮಿಲ್ಲನ್ನು 14 ತಿಂಗಳಿಗೆ 11,000ಕ್ಕೆ ಮಾರಿದ ಮೇಲೆ ಮೂಡಿದ ತೀರ್ಮಾನ ಇದು.

ನಮ್ಮ ಹಳೆಯ ಕಟ್ಟಡದಲ್ಲಿ ಲಿಫ್ಟ್ ಇರಲಿಲ್ಲ. ಮೂರನೆಯ ಮಹಡಿ. ಹಾಲು, ಹೂವು, ಬಾಳೆ ಎಲೆ, ಮರೆತುಬಂದ ಕೊತ್ತಂಬರಿ ಎಂದು ದಿನಕ್ಕೆ ನಾಲ್ಕು ಸಲವಾದರೂ ಇಳಿದು ಹತ್ತುತ್ತಿದ್ದೆ. ಅದನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸಿದರು. ಈಗ ನಮ್ಮ ಮನೆ 14ನೆಯ ಮಹಡಿಯಲ್ಲಿ, ಕೊತ್ತಂಬರಿ ಬಾಗಿಲಿಗೇ ಬರುತ್ತದೆ. ಎರಡೂವರೆ ವರ್ಷದಲ್ಲಿ 58 ಕಿಲೋ ಇದ್ದವಳು 65 ಆದೆ. ಸೊಂಟದ ಸುತ್ತಳತೆ 91 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ ವೈದ್ಯರು ಹೇಳುವ ಮಿತಿ 80. ಥೈರಾಯ್ಡ್ ಸರಿಯಿತ್ತು, ಊಟ ಮೊದಲಿನಷ್ಟೇ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಕೊಬ್ಬು ಹೊಟ್ಟೆಯ ಸುತ್ತ ಸೇರುತ್ತದೆ, ವಯಸ್ಸಾದಂತೆ ಸ್ನಾಯುವೂ ಕರಗುತ್ತದೆ, ಆಗ ಮೊದಲಿನ ಊಟವೇ ಮೈಗೆ ಹೆಚ್ಚಾಗುತ್ತದೆ ಎಂದು ವೈದ್ಯೆ ಬಿಡಿಸಿ ಹೇಳಿದರು. ಅದರ ಮೇಲೆ ಮೆಟ್ಟಿಲೂ ಹೋಗಿತ್ತು.

ಮಳೆಗಾಲದಲ್ಲಿ ಹೊರಗೆ ನಡೆಯುವುದು ಹೇಗೆಂದು ಟ್ರೆಡ್‌ಮಿಲ್ ತಂದೆವು. ಮನೆಯೊಳಗೆ ಜಾಗ ಸಾಲದೆ ಬಾಲ್ಕನಿಯಲ್ಲಿ ಇಡಿಸಿದೆವು. ನೀರು ಹರಿದುಹೋಗಲೆಂದು ಬಾಲ್ಕನಿಯ ನೆಲಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟಿರುತ್ತಾರೆ. ಹತ್ತು ನಿಮಿಷ ನಡೆಯುವಷ್ಟರಲ್ಲಿ ಪಟ್ಟಿ ಎಡಕ್ಕೆ ಸರಿದು ಅಂಚಿಗೆ ಉಜ್ಜತೊಡಗುತ್ತಿತ್ತು, ರಬ್ಬರ್ ಸುಟ್ಟ ವಾಸನೆ ಬರುತ್ತಿತ್ತು. ಹಿಂದಿನ ಉರುಳೆಯ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಪಟ್ಟಿ ನಡುವಿಗೆ ಬರುತ್ತದೆ. ಆದರೆ ಅದಕ್ಕೆ ನೆಲದ ಮೇಲೆ ಮಂಡಿಯೂರಬೇಕು. ನನ್ನ ಮಂಡಿಗಳಿಗೆ ಅದೇ ದೊಡ್ಡ ಶಿಕ್ಷೆ. ಒಮ್ಮೆ ತುಸು ಹೆಚ್ಚು ತಿರುಗಿಸಿದೆ, ಪಟ್ಟಿ ಬಲಕ್ಕೆ ಹೋಯಿತು.

ರಿಪೇರಿಯವನು ಒಂಬತ್ತನೆಯ ದಿನ ಬಂದು, ನೆಲವೇ ಓರೆ ಎಂದು ಹೇಳಿ, ಹಣ ತೆಗೆದುಕೊಂಡು ಹೋದ. ಯಂತ್ರದ ಕಾಲಿನ ಕೆಳಗೆ ರಟ್ಟು ಮಡಚಿಟ್ಟೆವು, ಜುಲೈ ತೇವಕ್ಕೆ ಅದು ಮೆತ್ತಗಾಯಿತು. ಇನ್ನೆಲ್ಲಿ ಜಾರುತ್ತೇನೋ ಎಂದು ಎರಡೂ ಕೈಯಿಂದ ಹಿಡಿಕೆಯನ್ನು ಬಿಗಿಹಿಡಿದೇ ನಡೆದೆ. ಮೈಭಾರ ಹಿಡಿಕೆಯ ಮೇಲೆ ಬಿದ್ದರೆ ಕಾಲಿಗೆ ಕೆಲಸ ಕಡಿಮೆ, ಪರದೆ ಮಾತ್ರ ಪೂರ್ತಿ ಕ್ಯಾಲೊರಿ ತೋರಿಸುತ್ತಲೇ ಇರುತ್ತದೆ. ಅಷ್ಟು ತಿಂಗಳಲ್ಲಿ ಇಳಿದದ್ದು ಒಂದು ಕಿಲೋ.

ಸೊಸೈಟಿಯ ಜಿಮ್ಮಿನ ಹಾಡಿನ ಅಬ್ಬರ ನನಗೆ ಆಗಲಿಲ್ಲ, ಎರಡು ತಿಂಗಳಿಗೆ ಬಿಟ್ಟೆ. ಕೈ ಊರದೆ ಕುರ್ಚಿಯಿಂದ ಏಳುವುದು, ವ್ಯಾಯಾಮದ ರಬ್ಬರ್ ಪಟ್ಟಿ ಎಳೆಯುವುದು, ಇವೆರಡನ್ನು ಕಲಿಸಿದ ಅಲ್ಲಿನ ಹುಡುಗನಿಗೆ ಇಂದಿಗೂ ಋಣಿ. ಸ್ನಾಯು ಉಳಿಯಬೇಕಾದರೆ ಬರೀ ನಡಿಗೆ ಸಾಲದು. ವಾರಕ್ಕೆ ಎರಡು ದಿನ ಮನೆಯಲ್ಲೇ ಮಾಡುತ್ತೇನೆ. ಪಟ್ಟಿಗೆ 400 ರೂಪಾಯಿ.

ಇನ್ನು ನಾನಾಲಾಲ್ ಡಿ. ಮೆಹ್ತಾ ಉದ್ಯಾನ. 2016ರಲ್ಲಿ ತೆರೆದದ್ದು, ನರ್ಮದೆ ಹರಿಯುವಂತೆ ಬಳುಕುವ, ಸುಮಾರು 600 ಮೀಟರಿನ ಹಾದಿ. ಸೇತುವೆಯೇ ಸೂರು, ಎಂಥ ಮಳೆಗೂ ನಡಿಗೆ ತಪ್ಪುವುದಿಲ್ಲ. ಎರಡೂ ಬದಿಯಲ್ಲಿ ರಸ್ತೆ ಇರುವುದರಿಂದ ಹೊತ್ತೇರಿದರೆ ಹೊಗೆ ಗಂಟಲಿಗೆ ಬರುತ್ತದೆ, ನಸುಕಿನಲ್ಲೇ ಹೋಗಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ 35 ನಿಮಿಷದಂತೆ ಐದು ದಿನ ನಡೆದರೆ ನನ್ನದು 175. ಕುಂದಾಪುರದವರೊಬ್ಬರು, ಧಾರವಾಡದವರೊಬ್ಬರು ಜೊತೆಗಿರುತ್ತಾರೆ. ನಾನು ಐದು ನಿಮಿಷ ತಡವಾದರೆ ಮೊಬೈಲ್ ಬಡಿದುಕೊಳ್ಳುತ್ತದೆ: “ಅಕ್ಕಾ, ಇಳಿದಿರಾ?” ಈ ಪ್ರಶ್ನೆಯಿಲ್ಲದಿದ್ದರೆ ನಾನು ಎಷ್ಟೋ ದಿನ ಹಾಸಿಗೆಯಲ್ಲೇ ಉಳಿಯುತ್ತಿದ್ದೆ.

ಮಂಡಿ ಗಟ್ಟಿಯಿದ್ದು, ಸಮತಟ್ಟಾದ ನೆಲವಿದ್ದು, ಒಬ್ಬರೇ ನಡೆಯುವ ಅಭ್ಯಾಸವಿದ್ದವರಿಗೆ ಟ್ರೆಡ್‌ಮಿಲ್ ಒಗ್ಗಬಹುದು. ಪಿಂಚಣಿಯಲ್ಲಿ ಬದುಕುವ ನಾನು ಮತ್ತೆ ಕೊಳ್ಳಲಾರೆ. ಎಂಟು ತಿಂಗಳಲ್ಲಿ ತೂಕ 60.5ಕ್ಕೆ, ಸುತ್ತಳತೆ 85ಕ್ಕೆ ಇಳಿದಿದೆ.

ಬರುವಾಗ ಮಾರುಕಟ್ಟೆಯಲ್ಲಿ ಹೂವು, ಕೊತ್ತಂಬರಿ ಕೊಳ್ಳುತ್ತೇನೆ. ಲಿಫ್ಟಿನಲ್ಲಿ 11 ಒತ್ತುತ್ತೇನೆ. ಉಳಿದ ಮೂರು ಮಹಡಿ ಹತ್ತಿಯೇ ಮನೆ ಸೇರುತ್ತೇನೆ.