ಗಿರಿಯ ರಸ್ತೆಗೆ ಎಂಜಿಬಿ: ಕಾರ್ಬುರೇಟರೋ, ಇಂಜೆಕ್ಷನ್ನೋ?

ಗಾಳಿಗೆ ಪೆಟ್ರೋಲ್ ಬೆರೆಸಿಕೊಡುವ ಎಸ್‌ಯು ಎಚ್‌ಎಸ್4 ಜೋಡಿ ಕಾರ್ಬುರೇಟರ್‌ಗಳಿರುವ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯನ್ನು ಚಿಕ್ಕಮಗಳೂರಿನಲ್ಲಿ ಇಟ್ಟುಕೊಂಡವರಿಗೆ, ಆ ಕಾರ್ಬುರೇಟರ್‌ಗಳನ್ನು ಕಳಚಿ, ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಚಿಮ್ಮಿಸುವ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕಿಟ್ ಹಾಕಿಸಿರೆಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಎರಡೂ ಬಗೆಯ ಕಾರನ್ನು ಮುಳ್ಳಯ್ಯನಗಿರಿಯ ಏರಿನಲ್ಲಿಯೂ ಚಾರ್ಮಾಡಿಯ ಇಳಿಜಾರಿನಲ್ಲಿಯೂ ಓಡಿಸಿದ ಮೇಲೆ, ಆ ಸಲಹೆಯಲ್ಲಿ ಅರ್ಧದಷ್ಟೇ ಹುರುಳಿದೆ ಎನ್ನಬಲ್ಲೆ.

ಎತ್ತರದಲ್ಲಿ ಗಾಳಿ ವಿರಳವಾಗಿ ಕಾರ್ಬುರೇಟರಿನ ಮಿಶ್ರಣ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚು) ಆಗುತ್ತದೆ ಎಂಬುದು ಇಂಜೆಕ್ಷನ್ ಪರವಾದ ಮುಖ್ಯ ವಾದ. ಸುಮಾರು 1,000 ಮೀಟರ್ ಎತ್ತರದ ನಮ್ಮ ಊರಿನಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ. 10ರಷ್ಟು ಕಡಿಮೆಯಿದ್ದು, ಮಿಶ್ರಣ ಸರಿಸುಮಾರು ಶೇ. 5ರಷ್ಟು ರಿಚ್ ಆಗುವುದು ನಿಜ. ಆದರೆ ಈಗ ಬಂಕ್‌ಗಳಲ್ಲಿ ದೊರೆಯುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ತೂಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲ್ ಉರಿಯಲು 14.7 ಪಾಲು ಗಾಳಿ ಬೇಕಾದರೆ ಇದಕ್ಕೆ ಸುಮಾರು 13.5 ಪಾಲು ಸಾಕಾಗುವುದರಿಂದ, ಹಳೆಯ ಸೆಟ್ಟಿಂಗಿನಲ್ಲಿ ಮಿಶ್ರಣ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗುತ್ತದೆ. ಹೀಗೆ ಊರಿನ ಸುತ್ತಮುತ್ತ ಒಂದು ದೋಷವನ್ನು ಇನ್ನೊಂದು ಬಹುಮಟ್ಟಿಗೆ ಸರಿದೂಗಿಸುತ್ತದೆ; ತೊಂದರೆ ಕಾಣಿಸುವುದು ಘಾಟಿ ಇಳಿದು ಮಂಗಳೂರಿನ ದಾರಿ ಹಿಡಿದಾಗ. ಅಲ್ಲಿ ಗಾಳಿ ದಟ್ಟವಾಗಿರುವುದರಿಂದ, ಕಾರ್ಬುರೇಟರಿನ ಅಡಿಯಲ್ಲಿ ಪೆಟ್ರೋಲಿನ ಅಳತೆ ತಿದ್ದುವ ಜೆಟ್ ನಟ್ಟನ್ನು ತುಸು ಕೆಳಕ್ಕೆ ತಿರುಗಿಸಿ ಪೆಟ್ರೋಲ್ ಹೆಚ್ಚಿಸಬೇಕಾಗುತ್ತದೆ, ಇದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್ ಮಾತ್ರ.

ಆಕ್ಸಿಜನ್ ಸೆನ್ಸರ್ ನೋಡಿಕೊಂಡು ತಾನೇ ಅಳತೆ ತಿದ್ದಿಕೊಳ್ಳುವ ಇಂಜೆಕ್ಷನ್‌ಗೆ ಈ ಗೊಡವೆ ಇಲ್ಲ. ಡಿಸೆಂಬರಿನ ಮಂಜಿನ ಬೆಳಗಿನಲ್ಲಿ ಚೋಕ್ ಎಳೆಯದೆ ಎಂಜಿನ್ ಹತ್ತುವ ಸುಖವನ್ನು ಅಲ್ಲಗಳೆಯಲಾರೆ. ಆದರೆ ಎಸ್‌ಯುಗೆ ಸುಮಾರು 3 ಪಿಎಸ್‌ಐ ಪೆಟ್ರೋಲ್ ಒತ್ತಡ ಸಾಕಾಗಿದ್ದರೆ ಇಂಜೆಕ್ಷನ್‌ಗೆ 40ರಿಂದ 60 ಪಿಎಸ್‌ಐ ಬೇಕಾಗುವುದರಿಂದ ಪಂಪ್, ಪೈಪುಗಳೆಲ್ಲ ಹೊಸದಾಗಬೇಕು, ಸಾಮಾನ್ಯವಾಗಿ ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ಮರಳುವ ರಿಟರ್ನ್ ಲೈನ್ ಕೂಡ ಸೇರಿಸಬೇಕು. 1967ಕ್ಕಿಂತ ಹಿಂದಿನ ಎಂಜಿಬಿಯಾದರೆ ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿ, ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿರುವುದು) ಬದಲಿಗೆ ನೆಗೆಟಿವ್ ಅರ್ತ್ ಮಾಡಿಸದೆ, ಇಂಜೆಕ್ಷನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಇಡುವಂತಿಲ್ಲ. ಕೊಟ್ಟಿಗೆಹಾರದಲ್ಲಿ ಆ ಇಸಿಯು ಕೈಕೊಟ್ಟರೆ ರಿಪೇರಿ ಮಾಡಬಲ್ಲ ಮೆಕ್ಯಾನಿಕ್ಕನ್ನು ಎಲ್ಲಿ ಹುಡುಕುವುದು?

ವಾರಕ್ಕೊಮ್ಮೆ ಘಾಟಿ ಹತ್ತಿಳಿಯುವವರು ಕಿಟ್ ಹಾಕಿಸಲಿ, ಖರ್ಚಿಗೆ ತಕ್ಕ ಫಲವಿದೆ. ತೋಟದಿಂದ ಪೇಟೆಗೆ, ಭಾನುವಾರ ಗಿರಿಗೆ ಹೋಗಿಬರುವವರು ಎಥನಾಲ್ ತಾಳುವ ಹೋಸ್, ಸೀಲ್‌ಗಳನ್ನು ಹಾಕಿಸಿ, ಮಳೆಗಾಲದಲ್ಲಿ ಕಾರು ನಿಲ್ಲಿಸುವ ಮುನ್ನ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್ ಖಾಲಿ ಮಾಡಿದರೆ ಸಾಕು. ಕಿಟ್ ಹಾಕಿಸಿದವರೂ ಕಳಚಿದ ಎಸ್‌ಯು ಜೋಡಿಯನ್ನು ಗುಜರಿಗೆ ಕೊಡದೆ ಎಣ್ಣೆ ಸವರಿ ಇಟ್ಟುಕೊಳ್ಳುವುದು ಲೇಸು.