ಹಂದಿಮರಿಗೆ ಹಾಲಿನ ಪುಡಿ ತರಿಸುವವರೇ, ಸ್ವಲ್ಪ ನಿಲ್ಲಿ

ವಾರ ತುಂಬದ ಹಂದಿಮರಿಗಳಿಗೆ ಪುಡಿ ಹಾಲು ಕುಡಿಸುವವರು ದಯವಿಟ್ಟು ಓದಿ. ಚೀಲದ ಮೇಲೆ ಬರೀ ‘ಕಾರ್ಬೋಹೈಡ್ರೇಟ್’ ಅಂತಿದ್ದು, ಯಾವುದು ಅಂತ ಬರೆಯದಿದ್ದರೆ ಮುಟ್ಟಬೇಡಿ. ಮುಟ್ಟಲೇಬೇಡಿ.

ಇಷ್ಟು ಚಿಕ್ಕ ಮರಿಗೆ ಬೇಕಾದ್ದು ಲ್ಯಾಕ್ಟೋಸ್, ಅಂದ್ರೆ ಹಾಲಿನಲ್ಲೇ ಇರುವ ಸಕ್ಕರೆ. ನಾನು ಅದನ್ನು ಕೇಳಿಯೇ ಆರ್ಡರ್ ಕೊಟ್ಟಿದ್ದೆ. "ಹಾಲೊಡಕಿನ ಪುಡಿ ತಾನೇ? ಲ್ಯಾಕ್ಟೋಸ್ ಇದೆ ತಾನೇ?" "ಇದೆ ಸರ್, ಫುಲ್ ಲ್ಯಾಕ್ಟೋಸ್" ಅಂದರು ಮಾರುವವರು. ತಾಯಿಗೆ ಹಾಲು ಬತ್ತಿತ್ತು, ಕಾಯುವ ಹಾಗಿರಲಿಲ್ಲ. ಕುಡಿಸಿದ ಮರುದಿನವೇ ಭೇದಿ. ನೀರು ನೀರಾಗಿ. ಬಾಲದ ಕೆಳಗೆಲ್ಲ ಅಂಟಿಕೊಂಡು, ಮರಿಗಳು ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಕೆಲವು ಉಳಿಯಲಿಲ್ಲ.

ಅನುಮಾನ ಬಂದು ಪುಡಿಯನ್ನು ನಾಲಿಗೆಗೆ ಇಟ್ಟೆ. ಮಿಠಾಯಿ ಸಿಹಿ! ಲ್ಯಾಕ್ಟೋಸ್ ಎಲ್ಲಿ ಅಷ್ಟು ಸಿಹಿ ಇರುತ್ತೆ? ಬಕೆಟ್ ತಳದಲ್ಲಿ ಬಿಳಿ ಗಸಿ ಕೂತಿತ್ತು. ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಬಿಟ್ಟೆ. ಕಣ್ಣೆದುರೇ ಕಡುನೀಲಿ. ಅಂದ್ರೆ ಪಿಷ್ಟ. ಸಕ್ಕರೆಗೆ ಹಿಟ್ಟು ಬೆರೆಸಿ ನನಗೆ ಹಾಲು ಅಂತ ಮಾರಿದ್ದಾರೆ! ಮೈಯೆಲ್ಲ ಉರಿದುಹೋಯಿತು. ಪಕ್ಕದ ಶೆಡ್‌ನವರು ಏನಾಯ್ತು ಅಂದರೆ ಬಾಯಿಬಿಟ್ಟು ಹೇಳಲೂ ನಾಚಿಕೆ.

ಫೋನ್ ಮಾಡಿದೆ. "ಲ್ಯಾಕ್ಟೋಸ್ ಆದ್ರೇನು ಸಕ್ಕರೆ ಆದ್ರೇನು ಸರ್, ಎಲ್ಲಾ ಒಂದೇ ಅಲ್ವಾ?" ಆಮೇಲೆ "ನಿಮ್ಮ ನೀರು ಸರಿ ಇಲ್ಲ." ಆಮೇಲೆ "ಜಾಸ್ತಿ ಕುಡಿಸಿದ್ದೀರಿ." ಕೊನೆಗೆ "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ." ಅಲ್ಲಿಗೆ ಫೋನ್ ಕಟ್.

ಎಲ್ಲಾ ಒಂದೇ ಅಂತೆ! ಲ್ಯಾಕ್ಟೋಸ್ ಅರಗಿಸುವ ಕಿಣ್ವ ಮರಿಗೆ ಹುಟ್ಟುವಾಗಲೇ ಇರುತ್ತೆ. ನಾವು ಚಹಾಕ್ಕೆ ಹಾಕುವ ಸಕ್ಕರೆ ಒಡೆಯುವ ಕಿಣ್ವ ಮೊದಲ ವಾರ ಇಲ್ಲವೆನ್ನುವಷ್ಟು ಕಡಿಮೆ. ಅರಗದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತೆ, ಮೈಯ ನೀರನ್ನೆಲ್ಲ ಎಳೆದುಕೊಳ್ಳುತ್ತೆ. ಬೇಯಿಸದ ಪಿಷ್ಟವೂ ಆ ವಯಸ್ಸಿಗೆ ಅರಗಲ್ಲ. ಗ್ಲೂಕೋಸ್ ಹಾಕಿದ್ದರೂ ಮರಿಗಳು ತಡೆದುಕೊಳ್ಳುತ್ತಿದ್ದವು, ಅದನ್ನು ಒಡೆಯುವ ಕೆಲಸವೇ ಇಲ್ಲ. ಮೂರು ವಾರದ ಹೊತ್ತಿಗೆ ಹಾಲು ಬಿಡಿಸಿದ ಮರಿಗಳಿಗೆ ಲ್ಯಾಕ್ಟೋಸ್ ಬದಲು ಒಂದಿಷ್ಟು ಮಾಲ್ಟೋಡೆಕ್ಸ್ಟ್ರಿನ್ (ಪಿಷ್ಟವನ್ನು ಒಡೆದು ಮಾಡಿದ ಪುಡಿ) ಬೆರೆಸುವುದೂ ಉಂಟು. ಅದಕ್ಕೆ ನನ್ನ ತಕರಾರಿಲ್ಲ. ಹೇಳಿ ಮಾರಿ. ಮರಿಯ ವಯಸ್ಸು ಕೇಳಿ ಮಾರಿ. ಇವರು ಒಂದನ್ನೂ ಕೇಳಲಿಲ್ಲ.

ಯಾವ ಸಕ್ಕರೆ, ಎಷ್ಟು ಪಾಲು, ಎಷ್ಟು ದಿನದ ಮರಿಗೆ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಬೇರೆ ಕಡೆ ಹೋಗಿ. ಭೇದಿ ಕಂಡರೆ ಪುಡಿ ಅಲ್ಲಿಗೇ ನಿಲ್ಲಿಸಿ, ಓಆರ್‌ಎಸ್ ಕುಡಿಸಿ, ಪಶುವೈದ್ಯರನ್ನು ಕರೆಸಿ. ಮಾರಿದವನ ಜೊತೆ ಜಗಳ ಆಮೇಲೆ ಆಡಬಹುದು. ಮತ್ತೆ ಆ ಚೀಲ ಎಸೆಯಬೇಡಿ, ಲೇಬಲ್ ಸಮೇತ ಇಟ್ಟುಕೊಳ್ಳಿ.